ಬದಲಿಗೆ ಬಂದವರ ಹೊಣೆ

"ಟೀಚರ್, ತುಮ್ಹೀ ಪರ್ಮನಂಟ್ ಆಹಾತ ಕಾ?"

2024ರ ಜೂನ್ ತಿಂಗಳಲ್ಲಿ ಕಲ್ಯಾಣ ಪೂರ್ವದ ಒಂದು ಶಾಲೆಯ ಐದನೇ ತರಗತಿಗೆ ನನ್ನ ಹೆಂಡತಿ ಮೊದಲ ಸಲ ಕಾಲಿಟ್ಟಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ಯಾವ ವಿಷಯ ಕಲಿಸುತ್ತೀರಿ ಎಂದೂ ಕೇಳಲಿಲ್ಲ. ನೀವು ಕಾಯಂ ಇದ್ದೀರಾ ಎಂದು ಕೇಳಿದಳು. ಹತ್ತು ವರ್ಷದ ಮಗುವಿಗೆ ಈ ವ್ಯತ್ಯಾಸ ಯಾಕೆ ಬೇಕು ಎಂದು ನಾನು ಅವತ್ತು ಸಂಜೆ ನಕ್ಕೆ. ಅವಳು ನಗಲಿಲ್ಲ. "ಬೇಕಾಗ್ತದ ರೀ. ಎಷ್ಟು ಹೆದರಬೇಕು, ಎಷ್ಟು ಹಚ್ಚಿಕೋಬೇಕು ಅಂತ ಹುಡುಗರಿಗೆ ಮೊದಲ ತಿಳೀಬೇಕಲ್ಲ" ಅಂದಳು.

ನಾವಿರುವುದು ಡೊಂಬಿವಲಿಯಲ್ಲಿ. ನಾನು ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಬೆಳಿಗ್ಗೆ ಎಲ್ಲರ ಜೊತೆ ನೇತಾಡಿಕೊಂಡು ಠಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೈನಿನಲ್ಲಿ ಐರೋಲಿ. ಅವಳದು ಉಲ್ಟಾ ದಿಕ್ಕು: ಡೊಂಬಿವಲಿ, ಠಾಕುರ್ಲಿ, ಕಲ್ಯಾಣ. ನಿಪ್ಪಾಣಿ ಕಡೆಯವಳು, ಬಿಎಸ್ಸಿ, ಬಿಎಡ್. ಮದುವೆ, ಮುಂಬಯಿ, ಮಗ ಎಂದು ಪಾಠ ಮಾಡುವುದನ್ನು ಬಿಟ್ಟು ಹದಿನೈದು ವರ್ಷವಾಗಿತ್ತು. ಆ ಶಾಲೆಯ ಗಣಿತದ ಶಿಕ್ಷಕಿ ಹೆರಿಗೆ ರಜೆಗೆ ಹೋದರು. ಆ ಜಾಗಕ್ಕೆ ಇವಳು ಹೋದಳು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದೆ. ಬಹಳ ಒಳ್ಳೆಯ ಕಾಯಿದೆ. ಆದರೆ ಒಬ್ಬ ತಾಯಿ 26 ವಾರ ಮಗುವಿನ ಜೊತೆ ನಿಶ್ಚಿಂತೆಯಿಂದ ಇರಬೇಕಾದರೆ ಇನ್ನೊಬ್ಬಳು ಅಷ್ಟೇ ವಾರ ಅವಳ ಐವತ್ಮೂರು ಮಕ್ಕಳ ಜೊತೆ ಇರಬೇಕು. ಮೊದಲನೆಯವಳ ಬಗ್ಗೆ ಕಾಯಿದೆಯಲ್ಲಿ ಪುಟಗಟ್ಟಲೆ ಇದೆ. ಎರಡನೆಯವಳ ಸಂಬಳ, ರಜೆ, ನಾಳೆ ಏನು ಎಂಬುದು ಶಾಲೆಯವರ ಮತ್ತು ಅವಳ ನಡುವಿನ ಮಾತು, ಅಷ್ಟೆ.

ಆ ಆರು ತಿಂಗಳು ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದ್ದು ಬರುತ್ತಿತ್ತು. ಇನ್ನೊಬ್ಬರ ಕುರ್ಚಿಯಲ್ಲಿ, ಇಂತಿಷ್ಟು ದಿನಕ್ಕೆಂದು ಕೂತವರ ಹೊಣೆ ಎಷ್ಟು? ಕುರ್ಚಿಯ ಯಜಮಾನನಷ್ಟೇ? ಅದಕ್ಕಿಂತ ಕಡಿಮೆಯೆ? ಕೊಟ್ಟ ಸಂಬಳದಷ್ಟೆ? ಈ ಪ್ರಶ್ನೆ ಶಾಲೆಯದು ಮಾತ್ರವಲ್ಲ. ಊರು ಬಿಟ್ಟು ಬಂದು, ಕಂಪನಿ ಬದಲಿಸುತ್ತ, ಬಾಡಿಗೆ ಮನೆ ಬದಲಿಸುತ್ತ ಬದುಕುವ ನಮ್ಮೆಲ್ಲರದೂ ಹೌದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ದಿನನಿತ್ಯದ ತಾಪತ್ರಯಗಳನ್ನು ಹೇಳಿಬಿಡುತ್ತೇನೆ. ಕೇಳಲು ಎಲ್ಲವೂ ಸಣ್ಣವು. ಹಾಜರಿ ಪುಸ್ತಕದ ಮೇಲೆ ಇನ್ನೊಬ್ಬರ ಹೆಸರು. ಸ್ಟಾಫ್‌ರೂಮಿನ ಕಪಾಟಿನ ಕೀಲಿ ರಜೆಯಲ್ಲಿರುವವರ ಬಳಿ. ಇವಳ ವಹಿಗಳು ಪ್ಲಾಸ್ಟಿಕ್ ಚೀಲದಲ್ಲಿ ದಿನಾ ಮನೆಗೆ, ದಿನಾ ಶಾಲೆಗೆ. ಪೋಷಕರ ವಾಟ್ಸಾಪ್ ಗ್ರೂಪಿಗೆ ಇವಳನ್ನು ಸೇರಿಸಲಿಲ್ಲ, ಯಾಕೆಂದರೆ ಆರು ತಿಂಗಳಿಗೆ ತೆಗೆಯಬೇಕಲ್ಲ. ಭಾಗಾಕಾರ ಮಾಡಿ ತೋರಿಸಿದರೆ, "ಆಮಚ್ಯಾ ಮಿಸ್ ಅಸಂ ನಾಹೀ ಕರತ" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ನಮ್ಮ ಮಿಸ್ ಹೀಗೆ ಮಾಡುವುದಿಲ್ಲ. ಬೇರೆ ಯಾರೇ ಶಿಕ್ಷಕರು ರಜೆ ಹಾಕಿದರೂ ಆ ಪೀರಿಯಡ್ಡಿಗೆ "ಪ್ರಾಕ್ಸಿ" ಎಂದು ಇವಳನ್ನೇ ಕಳಿಸುತ್ತಾರೆ. ಬದಲಿಗೆ ಬಂದವಳು ತಾನೆ, ಎಲ್ಲರ ಬದಲಿಗೂ ಆಗಲಿ! ಆ ವರ್ಷ ನವೆಂಬರ್ 20ಕ್ಕೆ ವಿಧಾನಸಭೆ ಚುನಾವಣೆ. ಶಿಕ್ಷಣ ಹಕ್ಕು ಕಾಯಿದೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ, ಆದರೆ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಬಿಟ್ಟು. ಕಾಯಂ ಶಿಕ್ಷಕರು ಚುನಾವಣೆಯ ತರಬೇತಿಗೆ, ಮತಗಟ್ಟೆಗೆ ಹೋದರು. ಇವಳು ಒಂದು ದಿನ ಏಳು ಪೀರಿಯಡ್ಡು ನಿಂತುಕೊಂಡೇ ಇದ್ದಳು, ಅದರಲ್ಲಿ ಒಂದು ಚಿತ್ರಕಲೆ. ಇನ್ನು ದೀಪಾವಳಿ ರಜೆಗೆ ಸಂಬಳ ಇಲ್ಲ ಎಂಬುದು ದೀಪಾವಳಿಯ ನಂತರ ಗೊತ್ತಾಯಿತು.

ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ. ದೂರಿನಂತೆ ಕೇಳಿಸಿಕೊಂಡವನು ನಾನು. "ಬಿಟ್ಟುಬಿಡು, ಇಷ್ಟು ದುಡ್ಡಿಗೆ ಇಷ್ಟೇ" ಎಂದು ಎರಡು ಮೂರು ಸಲ ಹೇಳಿದ್ದೇನೆ. ಸ್ಟಾಫ್‌ರೂಮಿನಲ್ಲಿ ಹಿರಿಯ ಶಿಕ್ಷಕಿಯೊಬ್ಬರು ಅದನ್ನೇ ಇನ್ನೂ ಮೆತ್ತಗೆ ಹೇಳಿದ್ದರು: "ಇತಕಾ ಜೀವ ಲಾವೂ ನಕಾ, ಮ್ಯಾಡಮ್." ಇಷ್ಟು ಜೀವ ಹಚ್ಚಿಕೊಳ್ಳಬೇಡಿ.

ಅವರು ಹಾಗೆ ಹೇಳಿದ್ದು ಒಬ್ಬ ಹುಡುಗನ ಕಾರಣಕ್ಕೆ.

ಅವನು ಯಾದಗಿರಿ ಕಡೆಯವನು. ಅಪ್ಪ ಶಿಳ್‌ಫಾಟಾ ರಸ್ತೆಯ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಾನೆ. ಹುಡುಗ ನಾಲ್ಕನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ ಆ ಜೂನ್‌ನಲ್ಲಿ ಇಲ್ಲಿಗೆ ಬಂದಿದ್ದ. ಕಡೆಯ ಬೆಂಚು. ಮಾತಿಲ್ಲ. ಬಾಯಿಲೆಕ್ಕದಲ್ಲಿ ಹತ್ತಕ್ಕೆ ಒಂದು, ಎರಡು. ಮೊದಲ ಘಟಕ ಪರೀಕ್ಷೆಯ ನಂತರ ಅವನ ಹೆಸರು "ಕಚ್ಚಾ" ಮಕ್ಕಳ ಪಟ್ಟಿಗೆ ಹೋಯಿತು.

ಆಗಸ್ಟ್‌ನಲ್ಲಿ ಒಂದು ದಿನ ಅವನ ವಹಿ ತಿದ್ದುವಾಗ ಇವಳಿಗೆ ಒಂದು ವಿಚಿತ್ರ ಕಂಡಿತು. ಪುಸ್ತಕ ನೋಡಿ ಮಾಡಿದ ಲೆಕ್ಕಗಳೆಲ್ಲ ಸರಿ. ಬಾಯಲ್ಲಿ ಹೇಳಿ ಬರೆಸಿದವೆಲ್ಲ ತಪ್ಪು. ತಪ್ಪೂ ಒಂದೇ ತರಹ: 48 ಇರಬೇಕಾದಲ್ಲಿ 84, 36 ಇರಬೇಕಾದಲ್ಲಿ 63. ಸೆಮಿ ಇಂಗ್ಲಿಷ್ ಎಂದರೆ ಇಲ್ಲಿ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಪುಸ್ತಕ ಇಂಗ್ಲಿಷಿನದಾದರೂ ತರಗತಿಯ ಬಾಯಿ ಮರಾಠಿಯದು. ಮರಾಠಿಯಲ್ಲಿ 48ಕ್ಕೆ "ಅಠ್ಠೇಚಾಳೀಸ". ಎಂಟು ಮೊದಲು, ನಲವತ್ತು ಆಮೇಲೆ. ನಮ್ಮಲ್ಲಿ ನಲವತ್ತು ಮೊದಲು, ಎಂಟು ಆಮೇಲೆ. ಹುಡುಗ ಮರಾಠಿ ಅಂಕಿಗಳನ್ನು ಕಿವಿಯಿಂದ ಕಲಿತುಕೊಂಡಿದ್ದ, ಕೇಳಿದ ಕ್ರಮದಲ್ಲೇ ನಿಷ್ಠೆಯಿಂದ ಬರೆಯುತ್ತಿದ್ದ. ಎಂಟು ಕೇಳಿಸಿತು, ಎಂಟು ಬರೆದ. ಚಾಳೀಸ ಕೇಳಿಸಿತು, ನಾಲ್ಕು ಬರೆದ. ಅವನು ದಡ್ಡನಲ್ಲ, ಅನುವಾದಕ!

ನಿಪ್ಪಾಣಿಯಲ್ಲಿ ಎರಡೂ ಭಾಷೆಯ ನಡುವೆ ಬೆಳೆದವಳಿಗಲ್ಲದೆ ಇನ್ನೊಬ್ಬರಿಗೆ ಇದು ಹೊಳೆಯುವುದು ಕಷ್ಟವಿತ್ತು. ಅವಳು ಅವನನ್ನು ಕರೆದು ಮೆಲ್ಲಗೆ, "ಎಂಟಾರ್ಲೆ?" ಎಂದಳು. "ನಲವತ್ತೆಂಟ್ರೀ" ಅಂದನಂತೆ, ತಲೆ ಎತ್ತಿ. ಆ ಶಾಲೆಯಲ್ಲಿ ಅವನು ಹುಮ್ಮಸ್ಸಿನಿಂದ ಕೊಟ್ಟ ಮೊದಲ ಉತ್ತರ ಅದೇ ಇರಬೇಕು. ಮುಂದೆ ದಿನಾ ಡಬ್ಬಿಯ ಬಿಡುವಿನಲ್ಲಿ ಹತ್ತು ನಿಮಿಷ. ಕಲಿಸಿದ್ದು ಗಣಿತವಲ್ಲ, ಕಿವಿ. ಮರಾಠಿ ಸಂಖ್ಯೆ ಕೇಳಿದಾಗ ಪೆನ್ಸಿಲ್ ಎತ್ತಬೇಡ, ಪೂರ್ತಿ ಕೇಳು, ಕನ್ನಡದಲ್ಲಿ ಮನಸ್ಸಿನೊಳಗೆ ಹೇಳಿಕೋ, ಆಮೇಲೆ ಬರೆ. "ಹಾತಚೆ ಚಾರ" ಅಂದರೆ ನಮ್ಮ "ಕೈಯಾಗ ನಾಲ್ಕು", ಬೇರೆ ಏನೂ ಅಲ್ಲ. ಎರಡೂ ಭಾಷೆ ದಶಕವನ್ನು ಕೈಯಲ್ಲೇ ಹಿಡಿದುಕೊಳ್ಳುತ್ತವೆ ಎಂಬುದು ನನಗೂ ಅವತ್ತೇ ಗೊತ್ತಾದದ್ದು.

ಇಷ್ಟಾದ ಮೇಲೆ ಆ ಹಿರಿಯ ಶಿಕ್ಷಕಿಯ ಮಾತಿಗೆ ಬರೋಣ. ಅದು ಬರಿಯ ಸಿನಿಕತನವಲ್ಲ. ಅವರು ಮೂವತ್ತು ವರ್ಷ ಪಾಠ ಮಾಡಿದವರು. ಆ ಮಾತಿನಲ್ಲಿ ಮೂರು ಗಟ್ಟಿ ಆಕ್ಷೇಪಗಳಿವೆ.

ಒಂದು: ನೀವು ಡಿಸೆಂಬರ್‌ಗೆ ಹೋಗುವವರು. ಅರ್ಧಕ್ಕೆ ಬಿಟ್ಟುಹೋಗುವ ಪ್ರೀತಿಯನ್ನು ಮಗುವಿನಲ್ಲಿ ಶುರುಮಾಡುವುದು ದಯೆಯೋ, ಕ್ರೌರ್ಯವೋ? ಊರು ಬಿಟ್ಟು ಬಂದ ಹುಡುಗ ಈಗಾಗಲೇ ಒಂದು ಶಾಲೆ, ಒಂದು ಭಾಷೆ ಕಳೆದುಕೊಂಡಿದ್ದಾನೆ. ಅವನ ಕಳೆದುಕೊಂಡವರ ಪಟ್ಟಿಗೆ ಇನ್ನೊಬ್ಬರು ಯಾಕೆ?

ಎರಡು: ನೀವು ಹೆಚ್ಚು ಮಾಡಿದಷ್ಟೂ ವಾಪಸು ಬರುವವಳು ಸಣ್ಣವಳಾಗುತ್ತಾಳೆ. ಹಸುಗೂಸನ್ನು ಮನೆಯಲ್ಲಿ ಬಿಟ್ಟು, ನಿದ್ದೆಯಿಲ್ಲದ ಕಣ್ಣಲ್ಲಿ ಅವಳು ತರಗತಿಗೆ ಬಂದಾಗ ಮಕ್ಕಳು "ಆ ಟೀಚರ್ ಹೀಗೆ ಮಾಡುತ್ತಿರಲಿಲ್ಲ" ಅಂದರೆ? ಜೂನ್‌ನಲ್ಲಿ ನಿಮಗೆ ಚುಚ್ಚಿದ ಮಾತು ಜನವರಿಯಲ್ಲಿ ಅವಳಿಗೆ ಚುಚ್ಚುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಕಾಲು ಸಂಬಳಕ್ಕೆ ಪೂರ್ತಿ ಕೆಲಸ ಮಾಡುವವರು ಸಿಗುತ್ತಾರೆ ಎಂದು ಆಡಳಿತದವರಿಗೆ ಗೊತ್ತಾದರೆ ಮುಂದೆ ಪೂರ್ತಿ ಸಂಬಳ ಯಾರು ಕೊಡುತ್ತಾರೆ? ನಿಮ್ಮ ಒಳ್ಳೆಯತನವೇ ನಾಳೆ ಇನ್ನೊಬ್ಬಳ ಹೊಟ್ಟೆಯ ಮೇಲೆ ಕಲ್ಲು.

ಈ ಮೂರನೆಯ ಆಕ್ಷೇಪ ಎಷ್ಟು ನಿಜ ಎಂದು ನೋಡಲು ಒಂದು ಶಾಲೆಯಿಂದ ಹೊರಗೆ ಬಂದರೆ ಸಾಕು. ಶಿಕ್ಷಣ ಹಕ್ಕು ಕಾಯಿದೆಯ 26ನೇ ಕಲಮಿನ ಪ್ರಕಾರ ಸರ್ಕಾರ ನಡೆಸುವ ಅಥವಾ ಬಹುಪಾಲು ಹಣ ಕೊಡುವ ಶಾಲೆಗಳಲ್ಲಿ ಮಂಜೂರಾದ ಹುದ್ದೆಗಳ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು. ಹಾಗಿದ್ದೂ ಖಾಲಿ ಹುದ್ದೆಗಳು ತಾತ್ಕಾಲಿಕದವರಿಂದ ತುಂಬುತ್ತಲೇ ಬಂದಿವೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಹಲವು ಹೆಸರು. ಗಂಟೆ ಲೆಕ್ಕದಲ್ಲಿ ದುಡ್ಡು ಪಡೆಯುವವರು "ತಾಸಿಕಾ" ಶಿಕ್ಷಕರು. 2000ದಲ್ಲಿ ಬಂದ "ಶಿಕ್ಷಣ ಸೇವಕ" ಪದ್ಧತಿಯಲ್ಲಿ ಹೊಸಬರು ಮೂರು ವರ್ಷ ಗೌರವಧನದ ಮೇಲೆ ದುಡಿದ ನಂತರವೇ ಪೂರ್ಣ ಸಂಬಳ. ಪ್ರಾಥಮಿಕ ಶಾಲೆಯಲ್ಲಿ ಈ ಗೌರವಧನ ತಿಂಗಳಿಗೆ 6,000 ರೂಪಾಯಿ ಇತ್ತು. 16,000 ಆದದ್ದು 2023ರಲ್ಲಿ. ನಮ್ಮ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2023ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಹತ್ತು, ಹದಿನೈದು ವರ್ಷ "ಅತಿಥಿ"ಗಳಾಗಿಯೇ ಉಳಿದವರು 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಎಂದು ವಾರಗಟ್ಟಲೆ ತರಗತಿ ಬಿಟ್ಟು ಧರಣಿ ಕೂತರು. ತಿಥಿ ನೋಡದೆ ಬರುವವನು ಅತಿಥಿ ಎಂದು ನಮಗೆ ಹೇಳಿಕೊಟ್ಟಿದ್ದರು. ಈ ಅತಿಥಿಗಳಿಗೆ ಹೋಗುವ ತಿಥಿ ಮಾತ್ರ ಪ್ರತಿ ವರ್ಷ ಖಚಿತವಾಗಿ ಗೊತ್ತಿರುತ್ತದೆ.

ಕಾಯಂ ಎಂದರೆ ಯೋಗ್ಯ, ತಾತ್ಕಾಲಿಕ ಎಂದರೆ ಅರ್ಧಂಬರ್ಧ ಎಂಬ ನಂಬಿಕೆಯೂ ಸರಿಯಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದಾಗ ಪೋಷಕರು, ಮಕ್ಕಳು ಪ್ರತಿಭಟಿಸಿದ ಸುದ್ದಿ ನಾವು ಒಂದಲ್ಲ, ಹಲವು ಸಲ ಓದಿದ್ದೇವೆ. ಅಲ್ಲಿ ಶಿಕ್ಷಕರು ಕಾಯಂ, ಪಾಠ ಗೈರು. ಕಲ್ಯಾಣದ ಆ ತರಗತಿಯಲ್ಲಿ 48ರ ಗುಟ್ಟು ಹಿಡಿದವಳು ಡಿಸೆಂಬರ್‌ಗೆ ಹೋಗಬೇಕಾದವಳು.

ಹಾಗಾದರೆ ಅವಳು ಕಡಿಮೆ ಮಾಡಬೇಕಿತ್ತೆ? ನಾನು ಬಹಳ ಯೋಚಿಸಿದ್ದೇನೆ, ನನಗೆ ಅನ್ನಿಸುವುದು ಇಷ್ಟು. ಅನ್ಯಾಯ ಇರುವುದು ಶಾಲೆ ಮತ್ತು ಶಿಕ್ಷಕಿಯ ನಡುವಿನ ಕರಾರಿನಲ್ಲಿ. ಆ ಕರಾರಿಗೆ ಹುಡುಗ ಸಹಿ ಹಾಕಿಲ್ಲ. ಅವನಿಗೆ ಐದನೇ ತರಗತಿ ಒಂದೇ ಸಲ ಬರುತ್ತದೆ. ಅದರಲ್ಲಿ ಅರ್ಧ ಇವಳ ಕೈಯಲ್ಲಿದೆ. ಕಡಿಮೆ ಸಂಬಳಕ್ಕೆ ಕಡಿಮೆ ಪಾಠ ಎಂದರೆ ಆಡಳಿತದವರ ಸಾಲವನ್ನು ಆ ಹುಡುಗನಿಂದ ವಸೂಲು ಮಾಡಿದಂತೆ. ಅದು ಆಗದು. ಆದರೆ ಇದೇ ಮಾತನ್ನು ತಿರುಗಿಸಿ, "ನಿಮ್ಮದು ಸೇವೆ, ದುಡ್ಡಿನ ಮಾತು ಯಾಕೆ" ಎಂದು ಆಡಳಿತದವರು ಹೇಳುವುದೂ ಆಗದು. ಫಲದ ಆಸೆಯಿಲ್ಲದ ಕರ್ಮ ದೊಡ್ಡದು, ನಿಜ. ಅದನ್ನು ದುಡಿಯುವವರು ತಾವಾಗಿ ಆರಿಸಿಕೊಳ್ಳಬೇಕು. ಸಂಬಳ ಕೊಡಬೇಕಾದವರು ಉಪದೇಶಿಸಬಾರದು.

ಮುಂಬಯಿಯ ಕನ್ನಡಿಗರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕು. ತುಳುನಾಡಿನಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲೆಲ್ಲ ಕಚೇರಿಯಲ್ಲಿ ದುಡಿದವರು ಸಂಜೆ ಆ ಶಾಲೆಗಳಲ್ಲಿ ಪಾಠ ಹೇಳಿದರು. ಇವತ್ತು ನಮ್ಮ ಸಭೆಗಳಲ್ಲಿ ವೇದಿಕೆಯ ಮೇಲಿರುವ ಅನೇಕ ಹಿರಿಯರು ಆ ಶಾಲೆಗಳಲ್ಲಿ ಕಲಿತವರು. ಆ ಮೇಷ್ಟ್ರುಗಳು ತಮ್ಮ ಸಂಜೆಗಳನ್ನು ತಾವಾಗಿ ಕೊಟ್ಟರು. ಅವರ ತ್ಯಾಗವನ್ನು ತೋರಿಸಿ ಇವತ್ತಿನ ತಾಸಿಕಾ ಶಿಕ್ಷಕಿಯ ದೀಪಾವಳಿಯ ಸಂಬಳ ಹಿಡಿದರೆ ಅದು ಅವರಿಗೂ ಅವಮಾನ.

ಮೊದಲ ಎರಡು ಆಕ್ಷೇಪಗಳಿಗೆ ಉತ್ತರ ನನಗೆ ಸಿಕ್ಕಿದ್ದು ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನವಿ ಮುಂಬಯಿಯಲ್ಲಿ ಪರಿಚಯದ ಹಿರಿಯರೊಬ್ಬರು ಶನಿವಾರ ಸಂಜೆ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅವರ ಕಣ್ಣಿನ ಆಪರೇಶನ್ ಆದಾಗ ಐದು ವಾರ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಸುಲಭದ ಅಕ್ಷರಗಳಿಂದ ಶುರುಮಾಡಿ, ಅವುಗಳಲ್ಲೇ ಸಣ್ಣ ಶಬ್ದ ಕಟ್ಟಿಸುತ್ತ ನಿಧಾನವಾಗಿ ಹೋಗುವವರು. ನನಗೆ ಅದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಲ್ಯಾಪ್‌ಟಾಪ್ ಒಯ್ದೆ, ಬಣ್ಣಬಣ್ಣದ ಸ್ಲೈಡು ಮಾಡಿದೆ, ಐದು ವಾರದಲ್ಲಿ ಕಾಗುಣಿತ ಮುಗಿಸಿಯೇ ಬಿಡುತ್ತೇನೆ ಎಂದು ಹೊರಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹಿರಿಯರು ವಾಪಸು ಬಂದಾಗ ಮಕ್ಕಳಿಗೆ ಹಳೆಯದೂ ಮರೆತಿತ್ತು, ಹೊಸದೂ ಹತ್ತಿರಲಿಲ್ಲ. ನಾನು ಕೆಡಿಸಿದ್ದನ್ನು ಸರಿಮಾಡಲು ಅವರಿಗೆ ಒಂದು ತಿಂಗಳು ಬೇಕಾಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು. ಐದು ವಾರದ ಕೆಲಸಕ್ಕೆ ನಾನು ಕೊಟ್ಟದ್ದು ಕಡಿಮೆಯಲ್ಲ. ಆದರೆ ಆ ಕೆಲಸವನ್ನು ನನ್ನದು ಎಂದುಕೊಂಡೆ.

ನಮ್ಮ ಕತೆಗಳಲ್ಲಿ ಬದಲಿಗೆ ಕೂತವರಲ್ಲಿ ಎಲ್ಲರಿಗಿಂತ ದೊಡ್ಡವನು ಭರತ. ಹದಿನಾಲ್ಕು ವರ್ಷ, ಸಿಂಹಾಸನದ ಮೇಲೆ ಪಾದುಕೆ, ತಾನು ನಂದಿಗ್ರಾಮದಲ್ಲಿ. ಕೀರ್ತನೆಗಳಲ್ಲಿ ನಾವು ಕೇಳುವುದು ಅವನ ವಿನಯವನ್ನು, ಜಟೆಯನ್ನು, ನಾರುಮಡಿಯನ್ನು. ವಾಲ್ಮೀಕಿಯಲ್ಲಿ ಇನ್ನೊಂದು ವಿಷಯವಿದೆ. ರಾಮ ಹಿಂತಿರುಗಿದಾಗ ಭರತ ಬರೀ ಕಾಲಿಗೆ ಬೀಳುವುದಿಲ್ಲ, ಲೆಕ್ಕ ಒಪ್ಪಿಸುತ್ತಾನೆ: ಬೊಕ್ಕಸ ನೋಡು, ಕಣಜ ನೋಡು, ಊರು, ಸೈನ್ಯ ನೋಡು, ಎಲ್ಲ ಹತ್ತು ಪಟ್ಟು ಆಗಿದೆ. ಕುರ್ಚಿ ತನ್ನದಲ್ಲ ಎಂದು ಅವನು ಕೆಲಸ ಕಡಿಮೆ ಮಾಡಲಿಲ್ಲ. ಕೆಲಸ ಪೂರ್ತಿ ಮಾಡಿದೆ ಎಂದು ಕುರ್ಚಿ ತನ್ನದು ಅನ್ನಲೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದದ್ದು ಆ ಒಪ್ಪಿಸುವಿಕೆ. ಅಣ್ಣನ ನೆರಳಿನಲ್ಲಿ ರಾಜ್ಯವನ್ನೇ ಆಳಿದವನಿಗೂ ಕಪಾಟಿನ ಕೀಲಿಯಿಲ್ಲದ ಟೀಚರಿಗೂ ಹೋಲಿಕೆ ಪೂರ್ತಿ ಹೊಂದುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಒಂದು ಮಾತು ಹೊಂದುತ್ತದೆ. ಬದಲಿಗೆ ಬಂದವರ ಪ್ರೀತಿ ಮಗುವಿಗೆ ಗಾಯವಾಗುವುದು, ವಾಪಸು ಬಂದವರಿಗೆ ಅವಮಾನವಾಗುವುದು, ಅದು ಹೋಗುವವರ ಜೊತೆಗೇ ಹೊರಟುಹೋದಾಗ. ಅದನ್ನು ಒಪ್ಪಿಸಿ ಹೋದರೆ ಹಾಗಾಗದು.

ನನ್ನ ಹೆಂಡತಿಗೆ ಭರತನ ಉದಾಹರಣೆ ಬೇಕಾಗಿರಲಿಲ್ಲ. ನವೆಂಬರ್ ಕೊನೆಯಲ್ಲಿ ಅವಳು ಇನ್ನೂರು ಪುಟದ ಒಂದು ವಹಿ ತಂದಳು. ಒಂದು ಮಗುವಿಗೆ ಒಂದು ಪುಟ, ಐವತ್ಮೂರು ಪುಟ, ಮರಾಠಿಯಲ್ಲಿ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದಲ್ಲ. ಯಾರು ಎಲ್ಲಿಗೆ ಬಂದಿದ್ದಾರೆ ಎಂದು ಮಾತ್ರ. ಇವಳಿಗೆ ಬೋರ್ಡು ಕಾಣುವುದಿಲ್ಲ, ಮನೆಯವರಿಗೆ ಎರಡು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳಬೇಕು. ಇವನು ಭಿನ್ನರಾಶಿ ಬಲ್ಲ, ಎದ್ದು ನಿಲ್ಲಿಸಿದರೆ ಮರೆಯುತ್ತಾನೆ. ಯಾದಗಿರಿಯ ಹುಡುಗನ ಪುಟದಲ್ಲಿ ಎರಡು ಸಾಲು: ಸಂಖ್ಯೆ ಹೇಳಿ ಬರೆಸುವಾಗ ಒಂದು ಕ್ಷಣ ಹೆಚ್ಚು ಕೊಡಿ, ಕನ್ನಡದಲ್ಲಿ ನಲವತ್ತು ಮೊದಲು, ಎಂಟು ನಂತರ. "ನಾನು" ಎಂಬ ಶಬ್ದ ಬಂದ ಕಡೆಯೆಲ್ಲ ತಿದ್ದಿ ಸಾಧ್ಯವಾದಷ್ಟು ತೆಗೆದಿದ್ದಳು. ಯಾಕೆ ಎಂದು ಕೇಳಿದೆ. "ಓದೂ ಮುಂದ ಆಕಿಗೆ ನನ್ನ ಮುಖ ಕಾಣಬಾರದು, ಹುಡುಗರ ಮುಖ ಕಾಣಬೇಕು" ಅಂದಳು.

ಹುಡುಗನಿಗೂ ಮೊದಲೇ ಹೇಳಿದಳು. ಕೊನೆಯ ದಿನಕ್ಕೆ ಬಿಡಲಿಲ್ಲ. ನಿನ್ನ ಮಿಸ್ ಬರುತ್ತಾರೆ, ನಿನ್ನ 48ರ ವಿಷಯ ಅವರಿಗೆ ಬರೆದು ಕೊಡುತ್ತೇನೆ, ತಪ್ಪಾದರೆ ನೀನೇ ಎದ್ದು ಹೇಳು ಎಂದು. ಅವನು, "ನೀವು ಊರಿಗೆ ಹೊಂಟೀರೇನ್ರಿ?" ಎಂದು ಕೇಳಿದನಂತೆ. ಅವನ ಅನುಭವದಲ್ಲಿ ಜನ ಹೋಗುವುದು ಊರಿಗೆ, ಇನ್ನೆಲ್ಲಿಗೆ?

ಆ ವಹಿಯ ಬಗ್ಗೆ ಮಾತಾಡುವಾಗಲೇ ಅವಳು ನನಗೆ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ಆಫೀಸಿನಾಗ ಆ ಹುಡುಗ ಹೋದನಲ್ಲ, ಅವನ ಕಡೆಯಿಂದ ಕೆಟಿ ತಗೊಂಡ್ರೇನು?"

ಅವಳು ಕೇಳಿದ್ದು ನಮ್ಮ ಪ್ರಾಜೆಕ್ಟಿನ ಒಬ್ಬ ತರುಣನ ಬಗ್ಗೆ. ತಂಡದ ಒಬ್ಬಾಕೆ ದೀರ್ಘ ರಜೆಗೆ ಹೋದಾಗ ಏಜೆನ್ಸಿಯಿಂದ ನಾಲ್ಕು ತಿಂಗಳಿಗೆ ಬಂದಿದ್ದ. ನಮ್ಮ ಭಾಷೆಯಲ್ಲಿ "ಬ್ಯಾಕ್‌ಫಿಲ್". ಅವನಿಗೆ ಕಾಯಂ ಬ್ಯಾಡ್ಜ್ ಇರಲಿಲ್ಲ, ದಿನಾ ಗೇಟಿನಲ್ಲಿ ವಿಸಿಟರ್ ಪಾಸ್ ಮಾಡಿಸುತ್ತಿದ್ದ. ಸೆಪ್ಟೆಂಬರಿನಲ್ಲಿ ಅವನನ್ನು ಬಿಡುಗಡೆ ಮಾಡಿ ನಾನು ಕಳಿಸಿದ ಮೇಲ್ ಎರಡು ಸಾಲು. ಅದರಲ್ಲಿ ಅವನ ಹೆಸರಿರಲಿಲ್ಲ, "ರಿಸೋರ್ಸ್" ಎಂದಿತ್ತು. ಕೆಟಿ, ಎಂದರೆ ತಿಳಿದದ್ದನ್ನು ತಿಳಿಸಿಕೊಡುವ ಕಲಾಪ, ನಮ್ಮಲ್ಲಿ ಕಾಯಂನವರಿಂದ ಬದಲಿಯವರಿಗೆ ಹರಿಯುತ್ತದೆ. ಬದಲಿಯವರಿಂದ ಕಾಯಂನವರಿಗೆ ಹರಿಯಬೇಕಾದದ್ದು ಏನಾದರೂ ಇರಬಹುದು ಎಂದು ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. "ಅವನು ಬ್ಯಾಕ್‌ಫಿಲ್ ಕಣೇ" ಎಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಅವಳೂ ಅದೇ ತಾನೆ.

ಡಿಸೆಂಬರ್ ಮಧ್ಯದಲ್ಲಿ ಆ ಶಿಕ್ಷಕಿ ಹಿಂತಿರುಗಿದರು. ಇವಳು ವಹಿ ಕೊಟ್ಟಳು. ಅವರು ಒಂದೆರಡು ಪುಟ ತಿರುವಿ, "ಬಘತೆ" ಎಂದು ಚೀಲದಲ್ಲಿ ಇಟ್ಟುಕೊಂಡರಂತೆ. ನೋಡುತ್ತೇನೆ. ಅಷ್ಟೆ. ಅವತ್ತು ಸಂಜೆ ಇವಳು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಲಿಲ್ಲ.

ಜನವರಿಯಲ್ಲಿ ನಾನು ಕೇಳಿದೆ, ಓದಿದರಂತಾ ಎಂದು. ಗೊತ್ತಿಲ್ಲ ಅಂದಳು. ಫೋನ್ ನಂಬರ್ ಇದೆಯಲ್ಲ, ಕೇಳು ಎಂದೆ. "ಕೇಳಬಾರದ್ರೀ. ಕೇಳಿದರ ಆ ವರ್ಗ ಇನ್ನೂ ನಂದು ಅಂದಂಗಾಗ್ತದ."

ಅದೇ ತಿಂಗಳು ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಹಳೆಯ ತೊಂದರೆ ಮತ್ತೆ ತಲೆಯೆತ್ತಿತು. ತಿಂಗಳ ಕೊನೆಯ ರಾತ್ರಿ ನಡೆಯುವ ಒಂದು ಲೆಕ್ಕಾಚಾರ ಅರ್ಧಕ್ಕೇ ನಿಲ್ಲುತ್ತಿತ್ತು. ಮೂರು ರಾತ್ರಿ ಐದು ಜನ ಕೂತೆವು. ನಾಲ್ಕನೆಯ ದಿನ ತಂಡದ ಹುಡುಗಿಯೊಬ್ಬಳು, ಆಗಸ್ಟ್‌ನಲ್ಲೂ ಹೀಗೇ ಆಗಿತ್ತು, ಅವನು ಏನೋ ಮಾಡಿ ಸರಿಮಾಡಿದ್ದ ಅಂದಳು. ಅವನು ಎಂದರೆ ಬ್ಯಾಕ್‌ಫಿಲ್. ಸಂಕೋಚದಿಂದ ಫೋನ್ ಮಾಡಿದೆ. ಪುಣೆಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಮೊದಲ ರಿಂಗಿಗೇ ಎತ್ತಿದ. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಅವನಿಗೆ ಗೊತ್ತಾಯಿತು.

"ಅದನ್ನು ಪೂರ್ತಿ ಬರೆದು ಶೇರ್ಡ್ ಫೋಲ್ಡರಿನಲ್ಲಿ ಇಟ್ಟುಬಂದಿದ್ದೆ ಸರ್. ನನ್ನ ಕೊನೆಯ ದಿನ."

ಫೋಲ್ಡರ್ ತೆರೆದೆ. ಹನ್ನೊಂದು ಪುಟ. ಚಿತ್ರ, ಕಾರಣ, ಮಾಡಬೇಕಾದ್ದು, ಮಾಡಬಾರದ್ದು. ಯಾರೂ ಕೇಳದೆ, ಯಾರೂ ಹೇಳದೆ ಬರೆದದ್ದು. ನಾಲ್ಕು ತಿಂಗಳು ನಮ್ಮ ಮೂಗಿನ ಕೆಳಗೇ ಇತ್ತು, ಒಬ್ಬರೂ ತೆರೆದಿರಲಿಲ್ಲ.

ಬದಲಿಗೆ ಬಂದವರ ಹೊಣೆ ಎಷ್ಟು ಎಂದು ಆರು ತಿಂಗಳು ಚರ್ಚಿಸಿದ್ದೆ. ಅವರು ತಮ್ಮ ಹೊಣೆಯನ್ನು ಮುಗಿಸಿ, ಬರೆದಿಟ್ಟು, ಲೋಕಲ್ ಹಿಡಿದು ಹೋಗಿಯಾಗಿತ್ತು. ಉಳಿದದ್ದು ಕುರ್ಚಿಯಲ್ಲಿ ಕಾಯಂ ಕೂತವನ ಹೊಣೆ: ಅವರ ಹೆಸರು ಹೇಳಿ ಕಳಿಸುವುದು, ಕೊಡಬೇಕಾದ್ದನ್ನು ಪೂರ್ತಿ ಕೊಡುವುದು, ಬಿಟ್ಟುಹೋದದ್ದನ್ನು ತೆರೆದು ಓದುವುದು. ಈಗ ನಮ್ಮ ತಂಡದಲ್ಲಿ ಬ್ಯಾಕ್‌ಫಿಲ್ ಆಗಿ ಬಂದವರ ಕೊನೆಯ ವಾರ ಒಂದು ಗಂಟೆ ಮೀಟಿಂಗ್ ಇರುತ್ತದೆ. ಅದರಲ್ಲಿ ಅವರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ದೊಡ್ಡ ಸುಧಾರಣೆಯೇನಲ್ಲ. ಮೊದಲ ಮೀಟಿಂಗಿಗೆ ಎಂಟು ಜನರನ್ನು ಕರೆದರೆ ಮೂವರು ಬಂದಿದ್ದರು.

ಕಲ್ಯಾಣದ ಆ ವಹಿಯನ್ನು ಯಾರಾದರೂ ತೆರೆದರೋ ಇಲ್ಲವೋ, ನಮಗೆ ಇನ್ನೂ ಗೊತ್ತಿಲ್ಲ.